ಕೊಕ್ಕರೆ ಎಣಿಸುವುದೂ ಓದೇ

ಬಿ.ಎಸ್ಸಿ. ಓದುವ ಮೊಮ್ಮಗಳು, “ತಾತ, ಈ ಬೇಸಿಗೆಯಲ್ಲಿ ಎರಡು ತಿಂಗಳು ಸಂಶೋಧನೆ ಕಲಿಯಲು ಹೋಗುತ್ತೇನೆ” ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, “ಅದರಿಂದ ಏನು ಬರುತ್ತೆ?” ಉತ್ತರ ನಮ್ಮ ತಟ್ಟೆಯಲ್ಲೇ ಇದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಬ್ರಹ್ಮ’ ಎಂದು ಕರೆದರು. ರಾಗಿಯ ಹೂವು ಬಲು ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ಹುಡುಗಾಟವಲ್ಲ. ಅವರು ತಾಳ್ಮೆಯಿಂದ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ‘ಇಂಡಾಫ್’ ತಳಿಗಳಾದವು. ರೈತರ ಕಣ ತುಂಬಿತು.

ಈಗಿನ ಮಕ್ಕಳಿಗೆ ಅಂಥ ಕಲಿಕೆ ಎಲ್ಲಿ ಸಿಗಬೇಕು? ನಾಲ್ಕನೇ ವರ್ಷದ ಆನರ್ಸ್‌ನಲ್ಲಿ ಸಂಶೋಧನೆಗೆ ಅವಕಾಶವಿತ್ತು. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಹಾಗಾಗಿ ಬೇಸಿಗೆ ರಜೆಗೆ ಬೆಲೆ ಹೆಚ್ಚಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಕಲಿಯುತ್ತಾರೆ, ಗೌರವಧನವೂ ಉಂಟು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥ ಅವಕಾಶವಿದೆ. ಅರ್ಜಿ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಹಾಕಬೇಕು. ಮೇಷ್ಟರ ಶಿಫಾರಸು ಪತ್ರವೂ ಬೇಕು. ದಸರಾ ಮುಗಿಯುತ್ತಲೇ ವಿಚಾರಿಸಿ.

ಬೆಂಗಳೂರು ಕೈಗೆಟುಕದಿದ್ದರೆ? ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರ ಯುವಕರ ‘ಹೆಜ್ಜಾರ್ಲೆ ಬಳಗ’ ಸಾಕಿ ಹಾರಲು ಬಿಟ್ಟಿದೆ. ಯಾವ ಮರದಲ್ಲಿ ಎಷ್ಟು ಗೂಡು? ಎಷ್ಟು ಮರಿ ಹಾರಿದವು? ವರ್ಷ ವರ್ಷ ಬರೆದಿಟ್ಟರೆ ಅದೇ ಸಂಶೋಧನೆ.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಬಳಿ ಹರಿಯುವ ಕಾವೇರಿಯಲ್ಲಿ ಗೂನು ಬೆನ್ನಿನ ಮಹಶೀರ್ ಮೀನಿದೆ. ತಲೆತಲಾಂತರದಿಂದ ಜನ ಕಂಡ ಈ ದೊಡ್ಡ ಮೀನಿನ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ! ಅಷ್ಟರಲ್ಲಿ ಅದು ಅಳಿವಿನಂಚಿಗೆ ಬಂದಿತ್ತು. ಕಣ್ಣೆದುರಿಗಿದ್ದರೂ ಕೇಳದೇ ಉಳಿದ ಪ್ರಶ್ನೆಗಳು ಇನ್ನೆಷ್ಟಿವೆಯೋ! ಅದು ಕಾಡಿನ ಸೀಮೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಮೇಷ್ಟರ ಜೊತೆಗೇ ಹೋಗಬೇಕು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬದುಕಿದವನು ನಾನು. ಪುಟಾಣಿಗಳೇ, ಒಂದು ಗುಟ್ಟು ಹೇಳುತ್ತೇನೆ. ವಿಜ್ಞಾನಿಯ ನೋಟ್‌ಬುಕ್ಕೂ ಲೆಡ್ಜರೇ. ತಾರೀಖು, ಹೊತ್ತು, ಜಾಗ, ಕಂಡದ್ದು ಎಷ್ಟು, ಎಲ್ಲ ಅಂದೇ ಬರೆಯಬೇಕು. ಕಾಣದ್ದನ್ನು ಬರೆಯಬಾರದು, ತಪ್ಪಿದ್ದನ್ನು ಅಳಿಸದೆ ಗೀಟು ಹಾಕಿ ತಿದ್ದಬೇಕು. ಇಂದೇ ಹಿತ್ತಲಿನ ಗುಬ್ಬಚ್ಚಿಯಿಂದ ಶುರುಮಾಡಿ.

ಹಿರಿಯರೇ, ಎಲ್ಲಿ ಹುಣಸೆಮರವಿತ್ತು, ಯಾವ ಕೆರೆಗೆ ಯಾವ ಹಕ್ಕಿ ಬರುತ್ತಿತ್ತು ಎಂಬುದು ನಿಮಗೆ ಗೊತ್ತು. ಅದನ್ನು ಮಕ್ಕಳ ಪುಸ್ತಕದಲ್ಲಿ ಬರೆಸಿ. ಮೊಮ್ಮಗಳು ಎರಡು ತಿಂಗಳು ಹೊರಟು ನಿಂತರೆ ‘ಹೆಣ್ಣುಮಗು, ಬೇಡ’ ಎನ್ನದೆ, ಎಲ್ಲಿ ಇರುತ್ತಾಳೆ, ಯಾರ ಬಳಿ ಕಲಿಯುತ್ತಾಳೆ ಎಂದು ವಿಚಾರಿಸಿ, ಬುತ್ತಿ ಕಟ್ಟಿಕೊಟ್ಟು ಕಳಿಸಿ.