ನೀರಿನ ಹಿಂದೆ ಎರಡೂವರೆ ದಿನ

ಸಂತೇಬೆನ್ನೂರಿನ ಹೊಂಡ ನೋಡಬೇಕಾದ್ದು ಬಿಸಿಲೇರುವ ಮೊದಲು. ನೀರಿನ ನಡುವಿನ ವಸಂತ ಮಂಟಪ ಆ ಹೊತ್ತಿನಲ್ಲಿ ಎರಡಾಗಿರುತ್ತದೆ. ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗೆ. ಸ್ವಲ್ಪ ಗಾಳಿ ಬೀಸಿತೋ, ತಲೆಕೆಳಗಿನದು ಚೂರುಚೂರಾಗಿ ಮತ್ತೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಸುತ್ತ ಇಳಿಯುವ ಕಲ್ಲಿನ ಮೆಟ್ಟಿಲುಗಳು, ದಿಕ್ಕಿಗೊಂದರಂತೆ ಕಟ್ಟಿದ ಎಂಟು ಪುಟ್ಟ ಮಂಟಪಗಳಲ್ಲಿ ಕಾಲಕ್ಕೆ ಸಿಕ್ಕದೆ ಉಳಿದವು, ಪಕ್ಕದಲ್ಲೇ ಬಿಜಾಪುರದ ಕಮಾನುಗಳನ್ನು ಹೊತ್ತ ಮುಸಾಫಿರ್‌ಖಾನೆ. ನಾನು ಹೋದ ಮೂರು ಸಲವೂ ಅಲ್ಲಿ ನನ್ನ ಜೊತೆ ಇದ್ದವರು ಪಾರಿವಾಳಗಳು ಮತ್ತು ಪರೀಕ್ಷೆಗೆ ಓದಿಕೊಳ್ಳಲು ಬಂದ ಕಾಲೇಜು ಹುಡುಗರು.

ಚಿತ್ರದುರ್ಗದ ಕೋಟೆ ನೋಡಿ ಜೋಗಕ್ಕೆ ಹೊರಟ ಕಾರುಗಳು ಚನ್ನಗಿರಿಯ ಮೇಲೇ ಹಾಯುತ್ತವೆ. ಹರಿಹರ, ಶಿವಮೊಗ್ಗದ ನಡುವೆ ಓಡುವ ಬಸ್ಸುಗಳು ಹೊನ್ನಾಳಿಯ ನಿಲ್ದಾಣದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತು ಹೊರಡುತ್ತವೆ. ನ್ಯಾಮತಿಯ ಹೆಸರನ್ನು ಹೊರಗಿನವರು ಕೇಳಿರುವುದೇ ಕಡಿಮೆ. ಜಗಳೂರೆಂದರೆ ಬರದ ಸುದ್ದಿ. ಇಲ್ಲಿ ಇಳಿದು ಎರಡು ದಿನ ಉಳಿಯೋಣ ಎನ್ನುವವರು ಅಪರೂಪ. ಇಳಿದವರಿಗೆ ನಾನು ಹೇಳುವುದು ಇಷ್ಟು: ನೀರನ್ನು ಹಿಂಬಾಲಿಸಿ. ಕಟ್ಟಿ ನಿಲ್ಲಿಸಿದ ನೀರು ಚನ್ನಗಿರಿಯಲ್ಲಿದೆ, ಹರಿಯುವ ನೀರು ಹೊನ್ನಾಳಿಯಲ್ಲಿ, ಬಂಡೆಯಿಂದ ಜಿನುಗುವ ನೀರು ನ್ಯಾಮತಿಯ ಗುಡ್ಡದಲ್ಲಿ. ಜಗಳೂರಿನಲ್ಲಿ ಇರುವುದು ನೀರಿಗಾಗಿ ಕಾದ ನೆಲ.

ಇವು ನಾಲ್ಕೂ ಒಂದೇ ಜಿಲ್ಲೆಯಲ್ಲಿರುವುದು 1997ರಿಂದ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ದಾವಣಗೆರೆ ಜಿಲ್ಲೆಯನ್ನು ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಆರಿಸಿ ಹೋಗಿ ಲೋಕಸಭೆಯಲ್ಲಿ ಮೊದಲು ಕನ್ನಡ ಮಾತಾಡಿದವರು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ, 2018ರಲ್ಲಿ. ಗೆರೆಗಳು ಹೊಸವು, ಊರುಗಳು ಹಳೆಯವು.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೊಂಡಕ್ಕೆ ಮರಳೋಣ. ಇದನ್ನು ಕಟ್ಟಿಸಿದವನು ಹದಿನಾರನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಎದುರಿಗೆ ರಂಗನಾಥನ ಗುಡಿಯಿತ್ತು, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ದಂಡೆತ್ತಿ ಬಂದಾಗ ಅದು ಹೋಗಿ ಮುಸಾಫಿರ್‌ಖಾನೆ ಎದ್ದಿತು ಎಂದು ಇಲ್ಲಿಯ ಚರಿತ್ರೆ. ನಾಯಕರ ಮನೆತನ ಮುಂದೆ ತರೀಕೆರೆಗೆ ಹೋಯಿತು. ನೀರಿನ ನಡುವಿನ ಮಂಟಪದ ಗೋಪುರ, ಪಕ್ಕದ ಕಟ್ಟಡದ ಕಮಾನು ಎರಡನ್ನೂ ಒಟ್ಟಿಗೆ ನೋಡಿದಾಗ ಕಟ್ಟಿದ ಕಲ್ಲುಕುಟಿಗರು ಬೇರೆ ಬೇರೆ ಗುರುಗಳಲ್ಲಿ ಕಲಿತವರಲ್ಲವೇನೋ ಎನಿಸುತ್ತದೆ. ಗೆದ್ದವರು, ಸೋತವರು ಯಾರೇ ಇರಲಿ, ಉಳಿಯನ್ನು ಹಿಡಿದ ಕೈ ಒಂದೇ ಸೀಮೆಯದಿರಬೇಕು. ಇದು ನನ್ನ ಊಹೆ, ಶಾಸನದ ಮಾತಲ್ಲ.

ಅಲ್ಲಿಂದ ಸೂಳೆಕೆರೆಗೆ ಅಡಿಕೆ ತೋಟ, ಭತ್ತದ ಗದ್ದೆಗಳ ನಡುವಿನ ದಾರಿ. ಸರ್ಕಾರಿ ಫಲಕ ಇದನ್ನು ಶಾಂತಿಸಾಗರ ಎನ್ನುತ್ತದೆ. ಬಸ್ಸಿನಲ್ಲಿ ಶಾಂತಿಸಾಗರಕ್ಕೆ ಟಿಕೆಟ್ ಕೇಳಿದರೆ ಕಂಡಕ್ಟರ್ ಒಂದು ಕ್ಷಣ ಯೋಚಿಸಿ, ‘ಸೂಳೆಕೆರೆಗೇನ್ರಿ?’ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಹೆಸರಿಗೆ ನಾಚಿಕೊಳ್ಳುವವರು ಫಲಕ ಬರೆಯುವವರು ಮಾತ್ರ. ಊರವರಿಗೆ ಆ ಹೆಸರೇ ಕೆರೆಯ ಹಕ್ಕುಪತ್ರ. ಸ್ವರ್ಗಾವತಿ ಎಂಬ ಪಟ್ಟಣದ ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತಂತೆ. ಜಾಗ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು ಎಂದು ಅವರು ಕೇಳಿದರಂತೆ. ಕೊಟ್ಟ ಮಾತು ಊರವರ ಬಾಯಲ್ಲಿ ಇವತ್ತಿಗೂ ಉಳಿದಿದೆ. ಹೆಸರು ಬದಲಿಸಿದ್ದು ಆ ಹೆಂಗಸರಿಗೆ ಮಾಡಿದ ಮೋಸ ಎಂದೇ ನನಗನಿಸುತ್ತದೆ.

ಏಷ್ಯಾದ ಎರಡನೇ ದೊಡ್ಡ ಕೆರೆ ಎಂಬ ಮಾತನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಆ ಪಂದ್ಯ ಬಿಡಿ. ಬೆರಗು ಇರುವುದು ಬೇರೆ ಕಡೆ. ಕೆರೆಯ ಹರವು ಸುಮಾರು ಆರೂವರೆ ಸಾವಿರ ಎಕರೆ. ಅಷ್ಟು ನೀರನ್ನು ಹಿಡಿದಿರುವ ಏರಿ ಸಾವಿರ ಅಡಿಯನ್ನೂ ಮುಟ್ಟುವುದಿಲ್ಲ. ಹರಿದ್ರಾವತಿ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳಿಕೊಂಡು ಹೋಗುವ ಕಿಂಡಿಯನ್ನು ಯಾರೋ ಕಂಡರು, ಅದೊಂದನ್ನೇ ಮುಚ್ಚಿದರು. ಉಳಿದದ್ದನ್ನೆಲ್ಲ ಗುಡ್ಡಗಳೇ ಮಾಡಿಕೊಂಡವು. ಏರಿಯ ಎರಡು ತುದಿಗೆ ಎರಡು ತೂಬು, ಒಂದು ಸಿದ್ದನ ನಾಲೆಗೆ, ಇನ್ನೊಂದು ಬಸವನ ನಾಲೆಗೆ. ಹನ್ನೆರಡನೇ ಶತಮಾನದ್ದೆಂದು ಹೇಳುವ ಕೆರೆ ಇಂದಿಗೂ ಗದ್ದೆಗೆ ನೀರು ಬಿಡುತ್ತಿದೆ. ಈಗ ಭದ್ರಾ ನಾಲೆಯ ನೀರೂ ಇದಕ್ಕೆ ಬಂದು ಸೇರುತ್ತದೆ. ಹೂಳು ತುಂಬಿದ್ದು, ಅಂಚು ಒತ್ತುವರಿಯಾದದ್ದು ಇಲ್ಲಿಯ ಹಳೆಯ ದೂರುಗಳು. ಏರಿಯ ಮೇಲೆ ನಿಂತರೆ ಅದು ಕಾಣುವುದಿಲ್ಲ, ಸುತ್ತಿಬಂದರೆ ಕಾಣುತ್ತದೆ. ಏರಿಯ ಬದಿಯ ಸಿದ್ಧೇಶ್ವರನ ಗುಡಿಯ ಕಟ್ಟೆಯಲ್ಲಿ ಅರ್ಧ ಗಂಟೆ ಕೂರಿ. ಗಾಳಿಯ ದಿನ ಕೆರೆಯಲ್ಲಿ ಅಲೆ ಏಳುತ್ತದೆ, ಸದ್ದು ಮಾಡುತ್ತದೆ. ಸಮುದ್ರ ನೋಡದ ನಮ್ಮ ಅಜ್ಜಿ ಸಮುದ್ರವೆಂದರೆ ಸೂಳೆಕೆರೆಯಂಥದ್ದೇ ಎಂದು ನಂಬಿದ್ದಳು.

ಮಧ್ಯಾಹ್ನದ ಮೇಲೆ ಹೊದಿಗೆರೆ. ಈ ಪ್ರವಾಸದಲ್ಲಿ ನೋಡಲು ಅತ್ಯಂತ ಕಡಿಮೆ ಇರುವ, ನೆನೆಯಲು ಅತ್ಯಂತ ಹೆಚ್ಚು ಇರುವ ಊರು ಇದು. ಹೋಲಿಕೆಗೆ ಹೇಳುವುದಾದರೆ, ಪೋಲೆಂಡಿನ ಕ್ರಾಕೋವ್ ನಗರ 1978ರಲ್ಲೇ, ಅಂದರೆ ಯುನೆಸ್ಕೊ ಹೊರಡಿಸಿದ ಮೊದಲ ಪಟ್ಟಿಯಲ್ಲೇ, ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿಗೆ ಹೋಗುವವರು ತಿಂಗಳ ಮೊದಲೇ ಕೂತು ಯಾವ ಬೀದಿ, ಯಾವ ಚರ್ಚು ಎಂದು ಓದಿಕೊಂಡು ಹೊರಡುತ್ತಾರೆ. ಓದದೆ ಹೋದರೂ ಅಲ್ಲಿ ಹೇಳಿಕೊಡಲು ಜನರಿದ್ದಾರೆ. ಹೊದಿಗೆರೆಗೆ ಓದದೆ ಹೋದರೆ ಕಾಣುವುದು ಒಂದು ಸಮಾಧಿಯ ಕಟ್ಟೆ ಅಷ್ಟೇ. ನನ್ನ ಮೊದಲ ಸಲ ಫೋನಿನ ನಕ್ಷೆ ನಂಬಿ ಯಾರದೋ ತೋಟದೊಳಗೆ ಬೈಕು ನುಗ್ಗಿಸಿದ್ದೆ. ಅಡಿಕೆ ಆಯುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿ, ‘ಶಹಾಜಿ ಸಮಾಧಿಗೇನಪ್ಪ? ಹಿಂದಕ್ ಹೋಗು, ಬಂದ್ ದಾರೀಲೆ’ ಎಂದರು. ಬಂದವರೆಲ್ಲ ಹಾಗೇ ದಾರಿ ತಪ್ಪುತ್ತಾರಂತೆ.

ಶಹಾಜಿ ಭೋಸಲೆ, ಶಿವಾಜಿಯ ತಂದೆ. ರಣದುಲ್ಲಾ ಖಾನನ ಕರ್ನಾಟಕ ದಂಡಯಾತ್ರೆಯಲ್ಲಿ ಜೊತೆಗಿದ್ದು, 1638ರಲ್ಲಿ ಬೆಂಗಳೂರನ್ನು ಜಹಗೀರಾಗಿ ಪಡೆದವನು. ಅಂದರೆ ಬೆಳಿಗ್ಗೆ ಸಂತೇಬೆನ್ನೂರಿನಲ್ಲಿ ಕೇಳಿದ ಹೆಸರು ಮಧ್ಯಾಹ್ನ ಇಲ್ಲಿ ಮತ್ತೆ ಎದುರಾಗುತ್ತದೆ. 1664ರ ಜನವರಿಯಲ್ಲಿ ಈ ಸೀಮೆಯ ಕಾಡಿನಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡ. ಮಗ ಸಹ್ಯಾದ್ರಿಯ ಆ ತುದಿಯಲ್ಲಿ ರಾಜ್ಯ ಕಟ್ಟುತ್ತಿದ್ದ. ತಂದೆಯ ಮಣ್ಣು ಹೊದಿಗೆರೆಯಲ್ಲಾಯಿತು. ಮಹಾರಾಷ್ಟ್ರದ ನಂಬರಿನ ಗಾಡಿಗಳು ಇಲ್ಲಿಗೆ ಆಗಾಗ ಬರುತ್ತವೆ, ಹೂವಿನ ಹಾರ ತರುತ್ತವೆ. ನಮ್ಮವರು ಬರುವುದು ಕಡಿಮೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಹೊದಿಗೆರೆಯಿಂದ ಚನ್ನಗಿರಿಗೆ ಹತ್ತಿರದ ದಾರಿ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ. ಗಂಡ ಸೋಮಶೇಖರ ನಾಯಕನ ನಂತರ ಕಾಲು ಶತಮಾನ ಕೆಳದಿಯನ್ನು ಆಳಿದವಳು ಆಕೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮ ಮಾರುವೇಷದಲ್ಲಿ ಕೆಳದಿಯ ಸೀಮೆಗೆ ಬಂದ. ಆಶ್ರಯ ಕೊಟ್ಟರೆ ಮೊಗಲರೊಡನೆ ಯುದ್ಧ ಎಂದು ಗೊತ್ತಿದ್ದೂ ಚೆನ್ನಮ್ಮ ಅವನನ್ನು ಕಾಪಾಡಿ, ಜಿಂಜಿಯ ದಾರಿ ಹಿಡಿಸಿದಳು. ಯುದ್ಧವೂ ಬಂತು, ಎದುರಿಸಿದಳು. ತಾತನ ಸಮಾಧಿ ಒಂದು ಊರಿನಲ್ಲಿ, ಮೊಮ್ಮಗನನ್ನು ಉಳಿಸಿದವಳ ಹೆಸರು ಪಕ್ಕದ ಊರಿಗೆ. ಯಾರೂ ಯೋಜಿಸಿ ಮಾಡಿದ್ದಲ್ಲ. ಸಂಜೆ ಚನ್ನಗಿರಿಯ ಗುಡ್ಡ ಹತ್ತಿ, ಕೋಟೆಯ ಗೋಡೆಯ ಮೇಲೆ ಕೂತು ಹೊದಿಗೆರೆಯ ದಿಕ್ಕಿಗೆ ನೋಡುವಾಗ ಇದು ನೆನಪಿದ್ದರೆ ಸಾಕು. ಗುಡ್ಡದ ಮೇಲೆ ರಂಗನಾಥನ ಗುಡಿಯಿದೆ. ಹತ್ತಲು ಕಷ್ಟವಿಲ್ಲ, ಮಕ್ಕಳನ್ನೂ ಕರೆದೊಯ್ಯಬಹುದು.

ಕೆಳಗೆ ಕಾಣುವ ಊರು ಅಡಿಕೆಯದು. ಕೊಯ್ಲಿನ ಕಾಲದಲ್ಲಿ, ಅಂದರೆ ಮಳೆಗಾಲ ಮುಗಿಯುತ್ತ ಬಂದಾಗಿನಿಂದ ಸಂಕ್ರಾಂತಿಯ ಹೊತ್ತಿನವರೆಗೆ, ಮನೆಯಂಗಳ, ಕಣ, ರಸ್ತೆಯಂಚು ಎಲ್ಲ ಕೆಂಪಗೆ. ಸುಲಿದ ಹಸಿ ಅಡಿಕೆಯನ್ನು ಚೊಗರು ಹಾಕಿ ಬೇಯಿಸುವ ಒಲೆಗಳ ಹೊಗೆ ಸಂಜೆ ಊರ ಮೇಲೆ ನಿಲ್ಲುತ್ತದೆ. ಯಾವ ಹೋಟೆಲಿನಲ್ಲಿ ಕೂತರೂ ಪಕ್ಕದ ಮೇಜಿನ ಮಾತು ರಾಶಿ ಅಡಿಕೆಯ ಇವತ್ತಿನ ಧಾರಣೆ, ತೋಟ ಚೇಣಿ ಹಿಡಿದವನ ಲೆಕ್ಕ. ಇಲ್ಲಿಯ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ಹೆಸರು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ರಾತ್ರಿ ಉಳಿಯಲು ಚನ್ನಗಿರಿಯಲ್ಲಿ ಸಾಧಾರಣ ಲಾಡ್ಜುಗಳಿವೆ. ಸ್ವಲ್ಪ ಅನುಕೂಲ ಬೇಕೆನ್ನುವವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವುದು ಒಳ್ಳೆಯದು.

ಎರಡನೇ ದಿನ ಹೊನ್ನಾಳಿ. ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾದ ಮೇಲೆ ಹೊಳೆ ಕಾಣುವ ಮೊದಲ ದೊಡ್ಡ ಊರು. ಬೇಸಿಗೆಯಲ್ಲಿ ಮರಳು ತೋರಿಸುವ ತುಂಗಭದ್ರೆ ಆಷಾಢ, ಶ್ರಾವಣದಲ್ಲಿ ಬಾಲರಾಜ್ ಘಾಟಿನ ಮನೆಗಳ ಬಾಗಿಲಿಗೇ ಬರುತ್ತಾಳೆ. ಸೇತುವೆಯ ಮೇಲೆ ನಿಂತು ಹೊಳೆ ನೋಡುವುದೇ ಇಲ್ಲಿಯ ಮುಖ್ಯ ಕೆಲಸ. ಹಿರೇಕಲ್ಮಠ, ದಂಡೆಯ ರಾಘವೇಂದ್ರಸ್ವಾಮಿ ಮಠ ಎರಡನ್ನೂ ಒಂದು ಬೆಳಿಗ್ಗೆಯಲ್ಲಿ ಮುಗಿಸಬಹುದು. ದೀಪಾವಳಿ ಕಳೆದ ವಾರಗಳಲ್ಲಿ ಬಂದರೆ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ಸಿಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿಗಳು ಜನರ ನಡುವೆಯೇ ಓಡುತ್ತವೆ. ನೋಡುವುದಿದ್ದರೆ ಯಾರದಾದರೂ ಮಾಳಿಗೆ ಹತ್ತಿ ನೋಡಿ.

ಹೊನ್ನಾಳಿಯ ಹೊನ್ನು ಬರೀ ಹೆಸರಲ್ಲ ಎನ್ನುವುದಕ್ಕೆ ನ್ಯಾಮತಿಯ ಕಡೆಯ ಕುದುರೆಕೊಂಡ, ಪಲವನಹಳ್ಳಿಯ ಹಳೆಯ ಚಿನ್ನದ ಗುಂಡಿಗಳು ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಚಿನ್ನಕ್ಕಾಗಿ ಅಗೆದು ನೋಡಿ ಬಿಟ್ಟರು. ಕೋಲಾರದಂತಾಗಲಿಲ್ಲ, ಒಳ್ಳೆಯದೇ ಆಯಿತು.

ನ್ಯಾಮತಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬೆಳಗುತ್ತಿಯತ್ತ ತಿರುಗಿ. ಈಗ ಸಾಧಾರಣ ಹಳ್ಳಿಯಾಗಿರುವ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಮನೆತನದ ರಾಜಧಾನಿ. ಚರಿತ್ರೆಯ ಪುಸ್ತಕದಲ್ಲಿ ಬೆಳಗುತ್ತಿಯ ಸಿಂದರು ಎಂದೇ ಬರುತ್ತಾರೆ. ಸಮೀಪದ ಗುಡ್ಡದಲ್ಲಿ ತೀರ್ಥರಾಮೇಶ್ವರ. ಸುತ್ತ ಕಾಡು, ನಡುವೆ ಗುಡಿ, ವರ್ಷವಿಡೀ ನಿಲ್ಲದ ಬುಗ್ಗೆ. ರಾಮ ಬಾಣ ಬಿಟ್ಟು ತರಿಸಿದ ನೀರೆಂದು ನಂಬಿಕೆ, ಕಾಶಿಯಿಂದ ಬರುತ್ತದೆ ಎಂದೂ ಹೇಳುತ್ತಾರೆ. ಸೂಳೆಕೆರೆಯ ಸಮುದ್ರ ನೋಡಿ ಬಂದ ಕಣ್ಣಿಗೆ ಈ ಬೆರಳಿನಷ್ಟು ನೀರು ಹೆಚ್ಚು ತಣ್ಣಗೆ ಕಾಣುವುದು ಯಾಕೋ.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಭಾಯಾಗಡ್, ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದ ನೆಲ. ಪ್ರತಿ ಫೆಬ್ರುವರಿಯ ನಡುವೆ ಮಾಲೆ ಧರಿಸಿದವರು ದೂರದ ತಾಂಡಾಗಳಿಂದ ನಡೆದು ಬರುತ್ತಾರೆ; ಮಹಾರಾಷ್ಟ್ರ, ಆಂಧ್ರ, ತೆಲಂಗಾಣದವರೂ ಇರುತ್ತಾರೆ. ಸೇವಾಲಾಲ್, ಮರಿಯಮ್ಮ ಗುಡಿಗಳ ಮುಂದೆ ಭೋಗ್ ಎಂಬ ಪೂಜೆ ನಡೆಯುತ್ತದೆ. ಕನ್ನಡಿ ಬಿಲ್ಲೆಯ ಲಂಗಗಳ ಕುಣಿತ ನೋಡಬೇಕೆಂದರೆ ಆ ದಿನಗಳಲ್ಲಿ ಹೋಗಿ. ಮೌನ ಬೇಕೆಂದರೆ ಬೇರೆ ಯಾವಾಗಲಾದರೂ.

ಇನ್ನು ಜಗಳೂರು. ಜಿಲ್ಲೆಯ ಇನ್ನೊಂದು ತುದಿಯ ಈ ತಾಲ್ಲೂಕನ್ನು ಆ ಎರಡು ದಿನದೊಳಗೇ ತುರುಕಬೇಡಿ, ಅರ್ಧ ದಿನ ಬೇರೆ ಇಡಿ. ದಾವಣಗೆರೆ ಬಿಟ್ಟು ಪೂರ್ವಕ್ಕೆ ಹೋದಂತೆ ಅಡಿಕೆ ಮಾಯವಾಗಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಹೊಲ. ಆಮೇಲೆ ಕುರುಚಲು ಗುಡ್ಡ. ಆ ಕುರುಚಲಿನಲ್ಲೇ ಇದೆ ರಂಗಯ್ಯನದುರ್ಗ ಅಭಯಾರಣ್ಯ. ಕೊಂಡುಕುರಿಗೆಂದೇ 2011ರಲ್ಲಿ ಘೋಷಿಸಿದ, ಸುಮಾರು 77 ಚದರ ಕಿಲೋಮೀಟರಿನ ಕಾಡು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಗಿಡ್ಡವು ಎರಡು. ಒಂಟಿಯಾಗೋ ಜೋಡಿಯಾಗೋ ಬದುಕುವ, ಸದ್ದಿಗೆ ಪೊದೆ ಸೇರುವ ಪ್ರಾಣಿ. ಕಾಣದೆ ಹೋಗುವುದೇ ಹೆಚ್ಚು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಾಗದಿದ್ದರೆ ಕೊಡದಗುಡ್ಡದ ವೀರಭದ್ರನ ಸನ್ನಿಧಿಗೆ ಹೋಗಿ.

ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ ಇಲ್ಲಿಯ 57 ಕೆರೆಗಳಿಗೆ ತುಂಬಿಸುವ ಯೋಜನೆಯ ಕೊಳವೆಗಳು ಈಗ ಜಗಳೂರಿನ ನೆಲದೊಳಗಿವೆ. ಹೊನ್ನಾಳಿಯ ಸೇತುವೆ ಕೆಳಗೆ ಹಾದುಹೋದ ಹೊಳೆಯೇ ಇದು. ಕೆರೆಗೆ ನೀರು ಬಂದ ಊರಿನಲ್ಲಿ ಯಾರನ್ನಾದರೂ ಮಾತಿಗೆಳೆದು ನೋಡಿ, ಬೇರೆ ಗೈಡ್ ಬೇಕಾಗುವುದಿಲ್ಲ.

ಹೊರಡುವವರಿಗೆ ನಾಲ್ಕು ಮಾತು. ಈ ನಾಲ್ಕು ಪಟ್ಟಣಕ್ಕೂ ರೈಲಿಲ್ಲ. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಪಟ್ಟಣಗಳ ನಡುವೆ ಬಸ್ಸಿಗೆ ಕೊರತೆಯಿಲ್ಲ, ಹೊದಿಗೆರೆ, ತೀರ್ಥರಾಮೇಶ್ವರದಂಥ ಕಡೆಗೆ ಸ್ವಂತ ಗಾಡಿ ಇದ್ದರೆ ಸುಲಭ. ಮಳೆ ನಿಂತ ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಸೂಳೆಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚುವವರು ತಟ್ಟೆ, ಬಾಟಲಿ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಕಟ್ಟಿಕೊಂಡು ವಾಪಸು ಒಯ್ಯಿರಿ. ಆ ಕೆರೆಯ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ.