ಸೂಟ್‌ಕೇಸ್ ಹಗುರಾಗಬೇಕಾದದ್ದು ಅಡುಗೆಮನೆಯಲ್ಲಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ರಾತ್ರಿ ಹೊತ್ತು ಹೋಗಿ ನೋಡಿ. ಚೆಕ್-ಇನ್ ಕೌಂಟರಿನ ಎದುರು ಒಂದಲ್ಲ ಒಂದು ಸೂಟ್‌ಕೇಸ್ ನೆಲದ ಮೇಲೆ ಬಾಯಿ ತೆರೆದು ಬಿದ್ದಿರುತ್ತದೆ. ತೂಕ ಎರಡು ಕಿಲೋ ಹೆಚ್ಚಾಗಿರುತ್ತದೆ. ಯಜಮಾನರು ಮಂಡಿಯೂರಿ ಪೊಟ್ಟಣಗಳನ್ನು ಹೊರಗೆ ತೆಗೆಯುತ್ತಿದ್ದರೆ, ಅಮ್ಮನವರು ‘ಬೇಕಾದ್ರೆ ಸೀರೆ ತೆಗೀರಿ, ಚಟ್ನಿಪುಡಿ ಮಾತ್ರ ಮುಟ್ಟಬೇಡಿ’ ಎಂದು ಪಟ್ಟು ಹಿಡಿದಿರುತ್ತಾರೆ.

ವಿಮಾನ ಪ್ರಯಾಣದ ಸಲಹೆ ಎಂದರೆ ಕತ್ತಿನ ದಿಂಬು, ಬಟ್ಟೆಯನ್ನು ಸುರುಳಿ ಸುತ್ತುವ ಉಪಾಯ ಇಷ್ಟೇ ಎಂಬಂತಾಗಿದೆ. ಮಕ್ಕಳ ಮನೆಗೆಂದು ದುಬೈಗೋ ಡಲ್ಲಾಸಿಗೋ ಹೊರಡುವ ನಮ್ಮವರ ಭಾರ ಬಟ್ಟೆಯದಲ್ಲ, ಡಬ್ಬಿಗಳದು. ತಕರಾರು ಏಳುವುದೂ ಅಲ್ಲೇ.

ಮೊದಲಿಗೆ ಕೊಬ್ಬರಿ. ತಿಪಟೂರಿನ ಕಡೆಯವರಿಗೆ ಇದು ಬೇಸರದ ಸುದ್ದಿ. ಒಣ ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಎಣ್ಣೆಯಂಶ ತುಂಬಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಖ್ಯೆಯೇ ಇದೆ: 1363. ಎಕ್ಸ್-ರೇಯಲ್ಲಿ ಕೊಬ್ಬರಿ ಗಿಟುಕು ಕಂಡರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಗಸಗಸೆಯದು ಇನ್ನೂ ಗಂಭೀರ ವಿಷಯ. ಹಬ್ಬದ ಪಾಯಸಕ್ಕೆಂದು ನಾವು ಕಟ್ಟಿಕೊಡುವ ನೂರು ಗ್ರಾಂ ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಅಫೀಮಿನ ಗಿಡದ ಬೀಜ ಎಂಬುದೇ ಅದರ ತಪ್ಪು. ಕೊಲ್ಲಿಯ ಬೇರೆ ದೇಶಗಳಲ್ಲೂ ಸಿಂಗಪುರದಲ್ಲೂ ನಿಷೇಧವಿದೆ. ಇಲ್ಲಿ ‘ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಬೇರೆಯವರು ‘ನಮ್ಮ ಹುಡುಗನಿಗೆ ಕೊಟ್ಟುಬಿಡಿ’ ಎಂದು ತಂದಿಟ್ಟ ಪೊಟ್ಟಣವನ್ನಂತೂ ಬಿಚ್ಚಿ ನೋಡದೆ ಒಯ್ಯಲೇಬೇಡಿ. ದಾಕ್ಷಿಣ್ಯ ಮಾಡಿಕೊಳ್ಳುವ ಸಂದರ್ಭ ಇದಲ್ಲ.

ಸಾರಿನ ಪುಡಿ, ಚಟ್ನಿಪುಡಿಗಳು ದೊಡ್ಡ ಪೆಟ್ಟಿಗೆಗೆ ಹೋಗಲಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಇದ್ದರೆ ಬಿಚ್ಚಿ ತಪಾಸಣೆ ಮಾಡುತ್ತಾರೆ, ಬಿಸಾಡಿಸಲೂಬಹುದು. ಖಾರದಪುಡಿ ನಮ್ಮ ದೇಶದೊಳಗಿನ ವಿಮಾನದ ಕೈಚೀಲಕ್ಕೂ ಸಲ್ಲದು. ತುಪ್ಪವನ್ನು ದ್ರವ ಎಂದೇ ಪರಿಗಣಿಸುತ್ತಾರೆ. ವಿದೇಶಕ್ಕೆ ಹೊರಟಾಗ ಕೈಚೀಲದಲ್ಲಿ ದ್ರವದ ಒಂದೊಂದು ಸೀಸೆಯೂ 100 ಮಿಲಿಲೀಟರ್ ದಾಟುವಂತಿಲ್ಲ. ತಾಜಾ ಕರಿಬೇವನ್ನು ಅಮೆರಿಕ ಒಳಗೆ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲಿರುತ್ತದೆಂಬ ಭಯಕ್ಕೆ. ಅಮೆರಿಕವಿರಲಿ, ಆಸ್ಟ್ರೇಲಿಯಾ ಇರಲಿ, ಕಸ್ಟಮ್ಸ್ ಅರ್ಜಿಯಲ್ಲಿ ತಿನಿಸು ಇದೆಯೇ ಎಂದು ಕೇಳಿದರೆ ‘ಹೌದು’ ಎಂದೇ ಬರೆಯಿರಿ. ಹೇಳಿದರೆ ಹೆಚ್ಚೆಂದರೆ ಉಪ್ಪಿನಕಾಯಿ ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇನ್ನು ತೂಕದ ಮಾತು. ಗಟ್ಟಿಮುಟ್ಟಾಗಿದೆ ಎಂದು ಕೊಂಡ ದೊಡ್ಡ ಸೂಟ್‌ಕೇಸ್ ಖಾಲಿಯಿದ್ದಾಗಲೇ ನಾಲ್ಕೈದು ಕಿಲೋ ತೂಗುತ್ತದೆ. 23 ಕಿಲೋ ಮಿತಿಯಲ್ಲಿ ಐದನೇ ಒಂದು ಭಾಗ ಪೆಟ್ಟಿಗೆಯ ಪಾಲು! ಕೊಳ್ಳುವಾಗ ಬಣ್ಣ ನೋಡುವ ಬದಲು ಎತ್ತಿ ನೋಡಿ. ಕೈಯಲ್ಲಿ ಹಿಡಿದು ತೂಗುವ ಪುಟ್ಟ ತಕ್ಕಡಿ ಮನೆಯಲ್ಲಿದ್ದರೆ ಕೌಂಟರಿನ ಮುಂದಿನ ಜಗಳವೇ ಇರುವುದಿಲ್ಲ.

ಕೈಚೀಲದಲ್ಲಿ ವೈದ್ಯರ ಚೀಟಿಯೊಂದಿಗೆ ಮಾತ್ರೆಗಳು, ಒಂದು ಜೊತೆ ಬಟ್ಟೆ, ಪವರ್ ಬ್ಯಾಂಕ್ ಇರಲಿ. ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿಡುವುದಕ್ಕೆ ಅವಕಾಶವೇ ಇಲ್ಲ. ನಡುದಾರಿಯಲ್ಲಿ ವಿಮಾನ ಬದಲಿಸಬೇಕಿದ್ದರೆ, ಮಂಡಿನೋವಿನ ಹಿರಿಯರಿಗೆ ಗಾಲಿಕುರ್ಚಿಯನ್ನು ಕನಿಷ್ಠ 48 ಗಂಟೆ ಮೊದಲೇ ಕೇಳಿಡಿ. ಇದರಲ್ಲಿ ಸಂಕೋಚವೇನೂ ಬೇಡ.

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇಡೀ ರಾತ್ರಿ ಕೂತ ಹಾಗೆ, ಅದೂ ಒಣಗಾಳಿಯಲ್ಲಿ. ನೀರು ಕುಡಿಯುತ್ತಿರಿ, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ. ಇಳಿಯುವಾಗ ಕಿವಿ ಕಟ್ಟಿದರೆ ಎಂಜಲು ನುಂಗಿದರೂ ಸಾಕು, ಬಿಡುತ್ತದೆ. ಮಲಗಿದ ಮಗುವನ್ನು ಆಗ ಎಬ್ಬಿಸಿ ಹಾಲು ಕುಡಿಸುವುದು ಒಳ್ಳೆಯದು.

ಡಬ್ಬಿ ತುಂಬುವ ಮುಂಚೆ ಹೋಗುವ ದೇಶದ ನಿಷೇಧಿತ ವಸ್ತುಗಳ ಪಟ್ಟಿಯನ್ನೂ ಟಿಕೆಟ್ಟಿನಲ್ಲಿ ಬರೆದ ತೂಕದ ಮಿತಿಯನ್ನೂ ಮಕ್ಕಳಿಂದ ಓದಿಸಿಕೊಳ್ಳಿ. ಅನುಮಾನ ಬಂದ ಪೊಟ್ಟಣವನ್ನು ಮನೆಯಲ್ಲೇ ಬಿಟ್ಟು ಹೊರಡಿ. ದುಬೈಯಲ್ಲೂ ಡಲ್ಲಾಸಿನಲ್ಲೂ ಭಾರತೀಯರ ದಿನಸಿ ಅಂಗಡಿಗಳಿವೆ, ಸಾರಿನ ಪುಡಿ ಅಲ್ಲೂ ಸಿಗುತ್ತದೆ.