ಹಿತ್ತಾಳೆಯ ಕೊಳವೆ, ಓಲಗದ ಉಸಿರು

ನಂಜನಗೂಡಿನವನಾದ ನಾನು ಸ್ಯಾಕ್ಸೊಫೋನನ್ನು ಕುರಿತು ಬರೆಯಹೊರಟಿದ್ದೇನೆಂದರೆ ನಮ್ಮೂರಿನ ಕೆಲವರಿಗಾದರೂ ನಗು ಬಂದೀತು. ನಮ್ಮ ಊರಿಗೆ ಹೆಸರು ಬಂದಿರುವುದು ಶ್ರೀಕಂಠೇಶ್ವರನಿಂದ, ಅವನ ದೊಡ್ಡ ಜಾತ್ರೆಯ ಐದು ತೇರುಗಳಿಂದ. ಅನಂತರ ರಸಬಾಳೆಯಿಂದ, ಹಲ್ಲುಪುಡಿಯಿಂದ. ನಾದವೆಂದರೆ ನಮಗೆ ಗುಡಿಯ ಓಲಗ. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಪ್ಯಾರಿಸ್ಸಿನಲ್ಲಿ ಕುಳಿತು ಮಾಡಿ, ೧೮೪೬ರಲ್ಲಿ ಹಕ್ಕುಪತ್ರ ಪಡೆದುಕೊಂಡ ಆ ಬಾಗಿದ ಹಿತ್ತಾಳೆಯ ವಾದ್ಯಕ್ಕೂ ಕಪಿಲೆಯ ದಡಕ್ಕೂ ಏನು ಸಂಬಂಧವೆಂದು ಕೇಳುವವರು ಕೇಳಬಹುದು. ಸಂಬಂಧವುಂಟು. ಆದರೆ ಅದನ್ನು ಕಾಣಲು ಕಪಿಲೆಯ ನೀರಿನೊಡನೆ ಸ್ವಲ್ಪ ದೂರ ಕೆಳಕ್ಕೆ ಹೋಗಬೇಕು.

ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ಪಿಟೀಲು ಚೌಡಯ್ಯನವರ ಊರು. ೧೮೯೫ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ, ದಕ್ಷಿಣದೇಶವನ್ನೆಲ್ಲ ತಮ್ಮ ಕಮಾನಿನಿಂದ ಗೆದ್ದವರು. ಪಿಟೀಲೇ ಪರದೇಶದ ವಾದ್ಯ. ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ದೀಕ್ಷಿತರ ಸೋದರ ಬಾಲುಸ್ವಾಮಿಯವರ ಕೈಯಲ್ಲಿ ಅದು ನಮ್ಮದಾಯಿತು. ಚೌಡಯ್ಯನವರ ಕಾಲಕ್ಕೆ ಅದು ಹೊರಗಿನದೆಂಬುದನ್ನೇ ಜನ ಮರೆತಿದ್ದರು. ಅಷ್ಟಕ್ಕೆ ಅವರು ಸುಮ್ಮನಿರಲಿಲ್ಲ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಚೇರಿಗೆ ಜನ ಹೆಚ್ಚಿದಂತೆ ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ಮುಟ್ಟಲೊಲ್ಲದೆಂದು ಕಂಡಾಗ, ಇನ್ನೂ ಮೂರು ತಂತಿ ಬಿಗಿದು ಏಳು ಮಾಡಿಕೊಂಡರು. ಗೊಣಗಿದವರು ಇಲ್ಲದಿರಲಿಲ್ಲ. ಆದರೆ ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠದ ಪಕ್ಕದಲ್ಲಿ ಆ ಏಳು ತಂತಿ ಎದೆಕೊಟ್ಟು ನಿಂತುದನ್ನು ಕೇಳಿದವರ ಗೊಣಗು ಅಲ್ಲಿಗೇ ಅಡಗಿತು. ೧೯೫೭ರಲ್ಲಿ ಮದ್ರಾಸಿನ ಸಂಗೀತ ವಿದ್ವತ್ಸಭೆ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ೧೯೬೭ರ ಜನವರಿಯಲ್ಲಿ ಅವರು ತೀರಿಕೊಂಡರು. ಚೆಂಬೈಯವರ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದೆ ಅದರಿಂದ ಕೆಲಸವಿದೆ.

ಇನ್ನು ಮೈಸೂರಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ನಾಗಸ್ವರ, ಪಿಯಾನೊಗಳ ಜೊತೆಗೆ ಸ್ಯಾಕ್ಸೊಫೋನನ್ನೂ ನುಡಿಸಬಲ್ಲವರಾಗಿದ್ದರು. ಆಸ್ಥಾನದಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂದು ಎರಡಿದ್ದುವು. ಆಟೊ ಸ್ಮಿತ್ ಎಂಬ ಯೂರೋಪಿನ ಸಂಗೀತಗಾರರು ಇಲ್ಲಿ ನೆಲೆಸಿ ವಾದ್ಯಗಾರರನ್ನು ತಿದ್ದಿದರು. ಮುಂದೆ ಬಂದ ಜಯಚಾಮರಾಜ ಒಡೆಯರಂತೂ ರಷ್ಯದ ಮೆಡ್ಟ್ನರ್ ಎಂಬ ವೃದ್ಧ ವಾಗ್ಗೇಯಕಾರನ ಸಂಗೀತ ಅಳಿದುಹೋಗದಂತೆ, ಆತನೇ ನುಡಿಸಿದುದನ್ನು ಲಂಡನ್ನಿನಲ್ಲಿ ಗ್ರಾಮೊಫೋನ್ ತಟ್ಟೆಗಳಿಗೆ ಇಳಿಸಲು ಹಣ ಒದಗಿಸಿದರು. ಆ ತಟ್ಟೆಗಳು ೧೯೪೦ರ ದಶಕದ ಕೊನೆಗೆ ಹೊರಬಂದವು. ಧ್ವನಿಮುದ್ರಣವೆಂಬುದು ಬರಿಯ ವ್ಯಾಪಾರವಲ್ಲ, ಒಂದು ಬಗೆಯ ರಕ್ಷಣೆಯೂ ಹೌದೆಂಬುದನ್ನು ಮೈಸೂರಿನ ಅರಸರು ಆಗಲೇ ಕಂಡುಕೊಂಡಿದ್ದರೆಂಬುದು ನನಗೆ ಸಂತೋಷದ ಸಂಗತಿ.

ಅದೇ ಅರಮನೆಯ ಬ್ಯಾಂಡನ್ನು ಕೇಳಿ ಬೆರಗಾದ ಹುಡುಗನೊಬ್ಬನಿದ್ದ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದವನು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮನೆಯ ವಾದ್ಯವನ್ನು ಹಿಡಿಯಬೇಕಾದ ಕೈಗೆ ಆ ಹೊಳೆಯುವ ಹಿತ್ತಾಳೆಯ ಕೊಳವೆಯೇ ಬೇಕಾಯಿತು. ಹೀಗೆ ಹೊರಟವರು ಕದ್ರಿ ಗೋಪಾಲನಾಥರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಮೊದಲ ಪಾಠವಾಯಿತು. ಅನಂತರ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ. ಈ ಟಿ. ವಿ. ಗೋಪಾಲಕೃಷ್ಣನ್ ಯಾರೆಂದರೆ ಚೆಂಬೈಯವರ ಶಿಷ್ಯರು. ನಮ್ಮ ನರಸೀಪುರದ ಏಳು ತಂತಿಯ ಪಿಟೀಲು ಯಾವ ಕಂಠಕ್ಕೆ ಜೊತೆಯಾಗಿತ್ತೋ ಅದೇ ಕಂಠದ ಪರಂಪರೆಯೊಳಗೆ ಸ್ಯಾಕ್ಸೊಫೋನು ಕಾಲಿಟ್ಟಿತು.

ವಾದ್ಯದ ವಿಷಯ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಾಗಸ್ವರವೂ ಸ್ಯಾಕ್ಸೊಫೋನೂ ಬುಡದ ಕಡೆಗೆ ಅಗಲವಾಗುತ್ತ ಹೋಗುವ ಕೊಳವೆಗಳೇ. ಒಂದಕ್ಕೆ ಜೋಡಿ ನಾಲಗೆಯ ಪೀಪಿ, ಇನ್ನೊಂದಕ್ಕೆ ಜೊಂಡಿನ ಒಂಟಿ ನಾಲಗೆ. ಮೈ ಹಿತ್ತಾಳೆಯದಾದರೂ, ನಾದ ಹುಟ್ಟುವುದು ಜೊಂಡಿನಲ್ಲಾದುದರಿಂದ, ಪಶ್ಚಿಮದವರು ಸ್ಯಾಕ್ಸೊಫೋನನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ತೊಡಕು ಇರುವುದು ರಂಧ್ರಗಳಲ್ಲಿ. ನಾಗಸ್ವರದವನ ಬೆರಳ ತುದಿ ರಂಧ್ರವನ್ನೇ ಮುಟ್ಟುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಸ್ವರವನ್ನು ತೇಲಿಸಬಹುದು, ತೊನೆಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಮೆತ್ತೆ ಹಚ್ಚಿದ ಮುಚ್ಚಳ, ಅದಕ್ಕೊಂದು ಕೀಲಿ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ನಿಂತ ಸ್ವರಗಳಿಗೆ ಇದು ಸಾಕು. ತೋಡಿಯ ಗಾಂಧಾರಕ್ಕೆ ಸಾಕೇ? ಆ ಗಾಂಧಾರ ಒಂದು ಕಡೆ ನಿಂತರೆ ತೋಡಿಯೇ ಇಲ್ಲ. ಕೀಲಿಗಳ ಜೋಡಣೆಯಲ್ಲಿ ಸಣ್ಣ ಮಾರ್ಪಾಡು ಮಾಡಿಕೊಂಡು, ಉಳಿದುದನ್ನು ತುಟಿಯಿಂದಲೂ ಉಸಿರಿನಿಂದಲೂ ಸಾಧಿಸಿ, ಗೋಪಾಲನಾಥರು ವರ್ಷಗಟ್ಟಲೆಯ ದುಡಿಮೆಯಿಂದ ಆ ಮೆಟ್ಟಿಲುಗಳನ್ನು ಇಳಿಜಾರಾಗಿ ಮಾಡಿದರು. ಅದರ ಬೆಲೆ ಗೊತ್ತಾಗಬೇಕಾದರೆ, ಹೊಸದಾಗಿ ಕಲಿತವರೊಬ್ಬರು ಅದೇ ತೋಡಿಯನ್ನು ಊದುವಾಗ ಕೇಳಬೇಕು.

೧೯೮೦ರಲ್ಲಿ ಮುಂಬಯಿಯ ಜಾಜ್ ಉತ್ಸವಕ್ಕೆ ಅವರು ಹೋದರು. ಅಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ, ಜೊತೆಯಲ್ಲಿ ನುಡಿಸೋಣವೆಂದನಂತೆ. ಅಲ್ಲಿಂದಾಚೆಗೆ ಪ್ರಾಗ್, ಬರ್ಲಿನ್, ಮೆಕ್ಸಿಕೊ, ಪ್ಯಾರಿಸ್. ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರು ನಡೆಸುವ ಪ್ರಾಮ್ಸ್ ಕಚೇರಿಮಾಲೆಗೆ ಕರೆ ಬಂತು. ಅದೇ ವರ್ಷ ಬಾಲಚಂದರ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ, ರೆಹಮಾನರ ಸಂಗೀತ ನಿರ್ದೇಶನದಲ್ಲಿ, ನಾಯಕನ ಕೈಯ ಸ್ಯಾಕ್ಸೊಫೋನಿಗೆ ಇವರ ಉಸಿರು ಸಂದಿತು. ಲಂಡನ್ ಮಾಡಲಾರದುದನ್ನು ಚಿತ್ರ ಮಾಡಿತು: ಹೋಟೆಲಿನ ಮಾಣಿಗೂ ಸ್ಯಾಕ್ಸೊಫೋನೆಂದರೆ ಏನೆಂದು ತಿಳಿಯಿತು. ೨೦೦೪ರಲ್ಲಿ ಪದ್ಮಶ್ರೀ ಬಂತು. ೨೦೧೯ರ ಅಕ್ಟೋಬರ್ ೧೧ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು.

ಅವರ ಮುದ್ರಿಕೆಗಳ ಬಗೆಗೆ ನನ್ನದೊಂದು ಅಭಿಪ್ರಾಯವುಂಟು, ಅಭಿಮಾನಿಗಳು ಮುನಿಯಬಾರದು. ಅವು ಬಹಳವಾದುವು. ಕ್ಯಾಸೆಟ್ಟಿನ ಕಾಲ ಅಂಥದು. ಗ್ರಾಮೊಫೋನಿನ ಹಳೆಯ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ರಾಗವನ್ನು ಅಡಕಬೇಕಾದಾಗ ವಿದ್ವಾಂಸರು ಒಂದೊಂದು ಸಂಗತಿಯನ್ನೂ ತೂಗಿ ಇಡುತ್ತಿದ್ದರು. ಕ್ಯಾಸೆಟ್ಟು ಒಂದು ಗಂಟೆ ಕೊಟ್ಟಿತು, ಜೊತೆಗೆ ಅವಸರವನ್ನೂ ಕೊಟ್ಟಿತು. ದೇವರನಾಮ, ಭಜನೆ, ಜನಪ್ರಿಯ ಕೀರ್ತನೆಗಳೆಂದು ಸಾಲುಸಾಲಾಗಿ ಬಂದವುಗಳಲ್ಲಿ ಕೆಲವು ಮಧುರ. ಆದರೆ ಮಧುರ ಮಾತ್ರ. ಅವರನ್ನು ನಿಜವಾಗಿ ಕೇಳಬೇಕೆಂದಿದ್ದರೆ ಕನ್ಯಾಕುಮಾರಿಯವರ ಪಿಟೀಲಿನೊಡನೆ ಸಾವಕಾಶವಾಗಿ ನಡೆದ ಕಚೇರಿಗಳ ಮುದ್ರಣಗಳನ್ನು ಹುಡುಕಬೇಕು. ಅಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಮ್ಮನೆ ಒಪ್ಪುವುದಿಲ್ಲ.

ಈ ಮುದ್ರಿಕೆಗಳಲ್ಲೊಂದು ಕಡಲು ದಾಟಿ ಮಾಡಿದ ಕೆಲಸವನ್ನು ಹೇಳಲೇಬೇಕು. ರುದ್ರೇಶ ಮಹಾಂತಪ್ಪ ಎಂಬ ಹೆಸರು ಕೇಳಿದರೆ ಚಿತ್ರದುರ್ಗದ ಕಡೆಯ ಉಪಾಧ್ಯಾಯರೊಬ್ಬರು ಕಣ್ಣಮುಂದೆ ಬರುತ್ತಾರೆ. ಅವರು ೧೯೭೧ರಲ್ಲಿ ಇಟಲಿಯ ಟ್ರೀಸ್ಟ್ ನಗರದಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ಸಂಸ್ಥಾನದ ಬೌಲ್ಡರಿನಲ್ಲಿ ಬೆಳೆದ ಜಾಜ್ ಸ್ಯಾಕ್ಸೊಫೋನ್ ವಾದಕರು. ಕನ್ನಡನಾಡಿನಿಂದ ಹೋದ ಮನೆತನ, ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ಬೋಸ್ಟನ್ನಿನ ಬರ್ಕ್ಲೀಯಲ್ಲಿ ಸಂಗೀತ ಓದುತ್ತಿದ್ದಾಗ ಅಣ್ಣ ಇವರಿಗೆ ತಮಾಷೆಗೆಂದು ಒಂದು ಮುದ್ರಿಕೆಯನ್ನು ಉಡುಗೊರೆ ಕೊಟ್ಟರು: ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥರು. ಕೇಳಿದ ಮೇಲೆ ತಮಾಷೆ ಉಳಿಯಲಿಲ್ಲ.

ಅಮೆರಿಕದಲ್ಲಿ ಇವರಂಥವರನ್ನು ಕಂಡಾಗ ಕೆಲವರು ‘ನೀವು ಇಂಡಿಯನ್ ಮಾತನಾಡುತ್ತೀರಾ?’ ಎಂದು ಕೇಳುವುದುಂಟು. ಈ ಪ್ರಶ್ನೆಗೆ ಅಲ್ಲಿನ ಭಾರತೀಯರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ಸಂಗ್ರಹಿಸಿ, ಆ ಮಾತಿನ ಏರಿಳಿತಗಳಿಂದಲೇ ರಾಗರೇಖೆ ಕಟ್ಟಿ, ಮಹಾಂತಪ್ಪನವರು ೨೦೦೪ರಲ್ಲಿ ‘ಮದರ್ ಟಂಗ್’ ಎಂಬ ಮುದ್ರಿಕೆ ತಂದರು. ಅದರಲ್ಲಿ ‘ಕನ್ನಡ’ ಎಂಬುದೂ ಒಂದು ರಚನೆ. ನಮ್ಮ ನುಡಿಯ ಹೆಸರನ್ನು ಜಾಜ್ ಮುದ್ರಿಕೆಯ ಬೆನ್ನಮೇಲೆ ಓದಿದಾಗ ನನಗಾದ ಹಿಗ್ಗನ್ನು ಮುಚ್ಚಿಡಲಾರೆ. ೨೦೦೮ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ನಲ್ಲಿ ಗುರುಸ್ಥಾನದ ಗೋಪಾಲನಾಥರೂ ಇವರೂ ಜೊತೆಯಾಗಿ ಊದಿದರು, ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಒಂದು ಗಿಟಾರು, ಒಂದು ದೊಡ್ಡ ಬೇಸು, ಜಾಜಿನ ಡ್ರಮ್ಮು. ೨೦೧೧ರ ಮುದ್ರಿಕೆಯ ಹೆಸರು ‘ಸಂಧಿ’. ಲೋಪ, ಆಗಮ, ಆದೇಶಗಳನ್ನು ಉರುಹಚ್ಚಿದ ನಮ್ಮಂಥವರಿಗೆ ಹೆಸರು ಕಂಡೊಡನೆ ಬೆತ್ತದ ನೆನಪು! ಇಲ್ಲಿ ಸಂಧಿಸುವುದು ಮೃದಂಗ, ಖಂಜರಿಗಳೊಡನೆ ವಿದ್ಯುತ್ ಗಿಟಾರು, ಮತ್ತು ಅಮೆರಿಕದ ಕರಿಯರು ಕಟ್ಟಿದ ಫಂಕ್ ಎಂಬ, ನೆಲಕ್ಕೆ ಹೆಜ್ಜೆಯೂರಿ ಕುಣಿಯುವ ತಾಳಗತಿ. ೨೦೧೩ರದು ‘ಗಮಕ’. ಮೊದಲಿಗೆ ನನಗೆ ಕುಮಾರವ್ಯಾಸನ ನೆನಪಾಯಿತು. ಅವರ ಮನಸ್ಸಿನಲ್ಲಿದ್ದುದು ಅದೇ ತೋಡಿಯ ಗಾಂಧಾರದ ಪ್ರಶ್ನೆ.

ಇಷ್ಟೆಲ್ಲ ಹೆಮ್ಮೆಯ ಮಾತು. ಇನ್ನೊಂದು ಮುಖವನ್ನು ನಾವು ಈ ಎರಡು ತಾಲೂಕುಗಳಲ್ಲಿ ದಿನವೂ ನೋಡುತ್ತಿದ್ದೇವೆ. ಮದುವೆಯ ಛತ್ರಗಳಲ್ಲಿ ಓಲಗದವರ ಜಾಗದಲ್ಲಿ ಈಗ ಅನೇಕ ಕಡೆ ಸ್ಯಾಕ್ಸೊಫೋನಿನವರು ಕುಳಿತಿರುತ್ತಾರೆ. ಹಿತ್ತಾಳೆ ಹೊಳೆಯುತ್ತದೆ, ಚಿತ್ರದಲ್ಲಿ ಚೆನ್ನಾಗಿ ಬರುತ್ತದೆ, ಬೀಗರ ಮುಂದೆ ಮರ್ಯಾದೆ. ಅಷ್ಟೂ ಖರ್ಚು ಬೇಡವೆನ್ನುವವರು ಧ್ವನಿವರ್ಧಕಕ್ಕೆ ಮುದ್ರಿಕೆಯನ್ನೇ ಹಾಕುತ್ತಾರೆ. ಗಟ್ಟಿಮೇಳವೂ ಅದರಲ್ಲೇ ಬರುತ್ತದೆ. ಪುರೋಹಿತರು ಕೈಯೆತ್ತಿದಾಗ ಗುಂಡಿಯೊತ್ತುವ ಹುಡುಗ ಎಲ್ಲಿಗೋ ಹೋಗಿದ್ದರೆ ಮಾಂಗಲ್ಯಧಾರಣೆ ಮೌನದಲ್ಲಿ ನಡೆಯುತ್ತದೆ. ನಾಗಸ್ವರದ ಮನೆಯಲ್ಲಿ ಹುಟ್ಟಿದವರ ಉಸಿರಿನಿಂದ ದೊಡ್ಡದಾದ ವಾದ್ಯ ನಾಗಸ್ವರದ ಮನೆಗಳ ಅನ್ನಕ್ಕೇ ಅಡ್ಡ ಬರುವುದೆಂದರೆ ಏನು ಹೇಳೋಣ? ಅದು ಗೋಪಾಲನಾಥರ ತಪ್ಪಲ್ಲ. ಅವರು ಸ್ಯಾಕ್ಸೊಫೋನನ್ನು ನಾಗಸ್ವರದ ಸಮಕ್ಕೆ ಏರಿಸಿದರು, ನಾಗಸ್ವರವನ್ನು ಇಳಿಸಿದವರು ನಾವು, ಬಾಡಿಗೆ ಗೊತ್ತುಮಾಡುವವರು.

ಕಳೆದ ಬೇಸಗೆಯಲ್ಲಿ ನರಸೀಪುರಕ್ಕೆ ಹೋದಾಗ ನನಗೆ ಬಹುಕಾಲದಿಂದ ಪರಿಚಯವಿರುವ ಓಲಗದ ಹಿರಿಯರೊಬ್ಬರನ್ನು ಕಂಡೆ. ಎಪ್ಪತ್ತೈದು ದಾಟಿದೆ, ಹಲ್ಲು ಹೋದಮೇಲೆ ಊದುವುದನ್ನು ನಿಲ್ಲಿಸಿದ್ದಾರೆ. ಮಾತಿನ ನಡುವೆ, ಹೆಸರುಗಳನ್ನೇನೂ ಹೇಳದೆ, ನನ್ನ ಮೊಬೈಲಿನಲ್ಲಿ ‘ಕಿನ್ಸ್‌ಮೆನ್’ ಹಾಕಿದೆ. ಮೊದಲು ಸುಮ್ಮನಿದ್ದರು. ಡ್ರಮ್ಮು ಬಂದಾಗ ಮುಖ ಸಿಂಡರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ತೊಡೆಯ ಮೇಲೆ ತೆರೆದು ಮುಚ್ಚತೊಡಗಿದವು.

‘‘ಇಬ್ರು ಊದ್ತಾವ್ರೆ, ಅಲ್ವಾ ಸ್ವಾಮಿ?’’

‘‘ಹೌದು, ಇಬ್ಬರು. ನಿಮಗೆ ಹೇಗೆ ಗೊತ್ತಾಯಿತು?’’

‘‘ಒಬ್ರು ಓಲಗದೋರ ಮನೇಲಿ ಹುಟ್ಟಿದೋರು. ಉಸ್ರು ತಕೊಳ್ಳೋ ಜಾಗ ನೋಡಿ, ನಮ್ಮಂಗೇ. ಇನ್ನೊಬ್ರು ಬೇರೆಲ್ಲೋ ಕಲ್ತವ್ರೆ. ಆದ್ರೂ ಕಿವಿ ಐತೆ. ಅವ್ರು ಏನಂದ್ರು ಅಂತ ಪೂರಾ ಕೇಳ್ಕಂಡು ಆಮೇಲೆ ಬಾಯಿ ಇಡ್ತಾವ್ರೆ.’’

ಮೊದಲನೆಯವರ ತಂದೆ ಮಂಗಳೂರು ಸೀಮೆಯ ನಾಗಸ್ವರ ವಿದ್ವಾಂಸರೆಂದು ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಗೋಡೆಯ ಗೂಟದಲ್ಲಿ ತೂಗುತ್ತಿದ್ದ ಡೋಲಿನ ಕಡೆ ನೋಡುತ್ತ, ಮೊಮ್ಮಗ ಮೈಸೂರಿನ ಬ್ಯಾಂಡೊಂದಕ್ಕೆ ಸೇರಿಕೊಂಡಿದ್ದಾನೆಂದೂ ಇದೇ ವಾದ್ಯ ಬೇಕೆಂದು ವರ್ಷದಿಂದ ಪೀಡಿಸುತ್ತಿದ್ದಾನೆಂದೂ ಹೇಳಿದರು.

‘‘ಹೊಸದು ನಮ್ ಕೈಗೆ ಎಟಕಾಕಿಲ್ಲ. ಹಳೇದು ಎಲ್ಲಾದ್ರೂ ಸಿಕ್ಕೀತಾ, ಒಸಿ ವಿಚಾರಿಸ್ತೀರಾ?’’ ಎಂದು ಕೇಳಿ, ನಾನು ಆಗಲೆಂದ ಮೇಲೆ, ‘‘ಆ ಮೊದ್ಲಿಂದ ಇನ್ನೊಂದ್ ಕಿತ ಹಾಕಿ’’ ಎಂದು ಗೋಡೆಗೊರಗಿ ಕುಳಿತುಕೊಂಡರು.